ಹೊಲದ ಗೂಟಗಳಿಗೂ ಬೇಕು ಗುಂಪುಗಾರಿಕೆ

ಮಣ್ಣಿನ ತೇವ ಹೇಳುವ ವೈರ್‌ಲೆಸ್ ಸೆನ್ಸರ್ ಕೊಳ್ಳುವವರು ಬೆಲೆ ಕೇಳುತ್ತಾರೆ, ಗ್ಯಾರಂಟಿ ಕೇಳುತ್ತಾರೆ. ಬ್ಯಾಟರಿ ಎಷ್ಟು ದಿನ ಬರುತ್ತದೆ, ಯಾಕೆ ಅಷ್ಟೇ ಬರುತ್ತದೆ ಅಂತ ಕೇಳುವವರು ಕಡಿಮೆ. ಮೊದಲು ಕೇಳಬೇಕಾದ್ದು ಅದನ್ನೇ.

1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ. ವೈಟ್‌ಫೀಲ್ಡಿನ ಐಟಿ ಪಾರ್ಕ್ ಎದ್ದದ್ದು ಪಟ್ಟಂದೂರು ಅಗ್ರಹಾರದ ನೆಲದಲ್ಲಿ. ಪೀಣ್ಯ ಈಗ ಸಾವಿರಾರು ಸಣ್ಣ ಕಾರ್ಖಾನೆಗಳ ಊರು. ಆ ಕಟ್ಟಡಗಳ ಸಾಲು ಮುಗಿಯುವ ಕಡೆ ಇನ್ನೂ ನಮ್ಮ ಬೇಸಾಯ ಉಳಿದಿದೆ. ಆನೇಕಲ್, ಸರ್ಜಾಪುರದ ಕಡೆ ಗುಲಾಬಿ, ಸೊಪ್ಪು, ರಾಗಿ. ಹೊಸಕೋಟೆ, ಮಾಲೂರಿನ ಕಡೆ ಟೊಮೆಟೊ, ಬೀನ್ಸು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ.

ಎಲ್ಲ ಕಡೆಯೂ ಕಷ್ಟ ಒಂದೇ, ನೀರು. ಸಾವಿರ ಅಡಿ ದಾಟಿದ ಬೋರ್‌ವೆಲ್ ಈ ಸುತ್ತಿನಲ್ಲಿ ಹೊಸ ಸುದ್ದಿಯಲ್ಲ. ಅಷ್ಟು ಆಳದಿಂದ ಎತ್ತಿದ ನೀರನ್ನು ತೇವ ಇರುವ ಪಾತಿಗೇ ಮತ್ತೆ ಬಿಟ್ಟರೆ ನಷ್ಟ. ಒಣಗಿದ ಪಾತಿಗೆ ಬಿಡದೆ ಹೋದರೆ ಇನ್ನೂ ದೊಡ್ಡ ನಷ್ಟ. ಹಾಗಾಗಿ "ಮಣ್ಣಿನ ಹದ ಮೊಬೈಲಿನಲ್ಲಿ ನೋಡಿ" ಅಂತ ಯಾರಾದರೂ ಬಂದರೆ ನಾವು ಕಿವಿ ಕೊಡುವುದು ಸಹಜ.

ಆಮೇಲೆ ಕೇಳಿಬರುವ ಮಾತೂ ಹೆಚ್ಚು ಕಡಿಮೆ ಒಂದೇ ಥರ. "ಚೆನ್ನಾಗೇ ತೋರಿಸ್ತಿತ್ತು ಕಣಣ್ಣ, ಮೂರು ತಿಂಗಳಿಗೆ ಒಂದೊಂದೇ ಸುಮ್ಮನಾಗೋಯ್ತು." ಇಂಥ ಕಡೆ ಹೆಚ್ಚಾಗಿ ಕೆಟ್ಟಿರುವುದು ಸೆನ್ಸರ್ ಅಲ್ಲ, ಖಾಲಿಯಾದದ್ದು ಬ್ಯಾಟರಿ.

ಗೂಟದೊಳಗೆ ಏನಿದೆ?

ವೈರ್‌ಲೆಸ್ ಸೆನ್ಸರ್ ಅಂದರೆ ಹೊಲದಲ್ಲಿ ನೆಟ್ಟ ಒಂದು ಗೂಟ ಅಂದುಕೊಳ್ಳಿ. ಅದರಲ್ಲಿ ನಾಲ್ಕು ಭಾಗ. ಮಣ್ಣಿನೊಳಗೆ ಇಳಿದು ತೇವ ಅಳೆಯುವ ಕಡ್ಡಿ, ಅಳತೆಯನ್ನು ಅಂಕಿ ಮಾಡುವ ಚಿಪ್ಪು, ಅಂಕಿಯನ್ನು ಗಾಳಿಯಲ್ಲಿ ಕಳಿಸುವ ರೇಡಿಯೊ, ಇವಕ್ಕೆಲ್ಲ ಅನ್ನ ಹಾಕುವ ಬ್ಯಾಟರಿ. ಕೆಲವಕ್ಕೆ ತಲೆ ಮೇಲೆ ಅಂಗೈಯಗಲದ ಸೋಲಾರ್ ಹಲಗೆಯೂ ಇರುತ್ತದೆ.

ನಾಲ್ಕರಲ್ಲಿ ಹೆಚ್ಚು ತಿನ್ನುವವನು ಯಾರು? ಮಣ್ಣು ಅಳೆಯುವ ಕಡ್ಡಿ ಅಂತ ಅನ್ನಿಸಬಹುದು. ಅಲ್ಲ. ಹೆಚ್ಚು ತಿನ್ನುವುದು ರೇಡಿಯೊ. ಗೂಟಕ್ಕೆ ಅಳೆಯುವುದು ಅಗ್ಗ, ಮಾತಾಡುವುದು ದುಬಾರಿ.

ಇನ್ನೊಂದು ವಿಚಿತ್ರ ಇದೆ. ಸುಮ್ಮನೆ ಕಿವಿ ತೆರೆದು ಕೂತರೂ ರೇಡಿಯೊಗೆ ಖರ್ಚಿದೆ. ಇಪ್ಪತ್ತು ವರ್ಷದ ಹಿಂದೆ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಬಳಕೆಯಲ್ಲಿದ್ದ ಮೈಕಾ-2 ಎಂಬ ಗೂಟವನ್ನೇ ನೋಡಿ. ಅದಕ್ಕೆ ಎರಡು ಪೆನ್ ಸೆಲ್. ತಯಾರಕರ ಪಟ್ಟಿಯಂತೆ ಪೂರ್ತಿ ಜೋರಾಗಿ ಮಾತಾಡುವಾಗ ರೇಡಿಯೊ ಎಳೆಯುವುದು 27 ಮಿಲಿ ಆಂಪಿಯರ್. ಕೇಳಿಸಿಕೊಳ್ಳುವಾಗ 10. ಎಚ್ಚರವಿರುವ ಚಿಪ್ಪಿಗೆ ಬೇರೆ 8. ನಿದ್ದೆ ಮಾಡಿದರೆ ಎಲ್ಲ ಸೇರಿ ಒಂದು ಮಿಲಿ ಆಂಪಿಯರಿನ ಐವತ್ತನೇ ಒಂದು ಭಾಗವೂ ಇಲ್ಲ.

ಈಗ ನಾವೇ ಲೆಕ್ಕ ಹಾಕೋಣ. ಪೆನ್ ಸೆಲ್ಲಿನ ಜೋಡಿಯಲ್ಲಿ 2,500 ಮಿಲಿ ಆಂಪಿಯರ್-ಗಂಟೆ ಇದೆ ಅಂತ ಇಟ್ಟುಕೊಳ್ಳಿ. ಗೂಟ ಹಗಲೂ ರಾತ್ರಿ ಕಿವಿ ತೆರೆದು ಕೂತರೆ ಗಂಟೆಗೆ 18 ಖರ್ಚು. ಆರು ದಿನಕ್ಕೆ ಸೆಲ್ ಖಾಲಿ. ಅದೇ ಗೂಟ ನೂರು ನಿಮಿಷಕ್ಕೆ ಒಂದು ನಿಮಿಷ ಮಾತ್ರ ಎದ್ದು ಉಳಿದ ಹೊತ್ತು ಮಲಗಿದರೆ, ಲೆಕ್ಕಕ್ಕೆ ಒಂದೂವರೆ ವರ್ಷದ ಹತ್ತಿರ ಬರುತ್ತದೆ. ಬಿಸಿಲು, ಸೆಲ್ಲಿನ ಸೋರಿಕೆ ಎಲ್ಲ ಕಳೆದರೂ ಒಂದು ಬೆಳೆ ಧಾರಾಳ ದಾಟುತ್ತದೆ. ಸೆಲ್ ಅದೇ, ಗೂಟವೂ ಅದೇ. ವ್ಯತ್ಯಾಸ ನಿದ್ದೆಯಲ್ಲಿ.

ಆದರೆ ಎಲ್ಲ ಗೂಟವೂ ಮಲಗಿದರೆ ಸುದ್ದಿ ತರುವವರು ಯಾರು? ಗುಂಪು ಬೇಕಾಗುವುದು ಇಲ್ಲೇ.

ಡೈರಿಯ ಲೆಕ್ಕವೇ ಇಲ್ಲೂ

ಗುಂಪುಗಾರಿಕೆ ಅಂದ ಕೂಡಲೇ ನಮಗೆ ಪಂಚಾಯಿತಿ ಎಲೆಕ್ಷನ್ ನೆನಪಾಗುತ್ತದೆ. ಇಲ್ಲಿ ಹೇಳುವುದು ಅದಲ್ಲ, ಊರಿನ ಹಾಲಿನ ಡೈರಿಯಂಥದ್ದು.

ಊರಲ್ಲಿ ಇಪ್ಪತ್ತು ಮನೆಯವರು ಹಾಲು ಹಾಕುತ್ತಾರೆ. ಇಪ್ಪತ್ತೂ ಜನ ಒಂದೊಂದು ತಂಬಿಗೆ ಹಿಡಿದು ಬೆಂಗಳೂರು ಡೈರಿಗೆ ಬಸ್ಸು ಹತ್ತಿದರೆ ಹಾಲಿನ ದುಡ್ಡು ಬಸ್ ಚಾರ್ಜಿಗೂ ಸಾಲದು. ಅದಕ್ಕೇ ಎಲ್ಲರೂ ಊರ ಸಂಘಕ್ಕೆ ನಡೆದು ಹೋಗಿ ಸುರಿಯುತ್ತಾರೆ. ಅಲ್ಲಿಂದ ಒಂದೇ ಗಾಡಿ ದೂರದ ದಾರಿ ಸವೆಸುತ್ತದೆ. ಸಂಘಕ್ಕೆ ಹೊತ್ತು ಇದೆ. ಬೆಳಿಗ್ಗೆ ಇಷ್ಟು ಗಂಟೆಗೆ ಬನ್ನಿ ಅಂದರೆ ಆಗ ಬಂದರೆ ಸಾಕು, ದಿನವಿಡೀ ಕಾಯಬೇಕಿಲ್ಲ.

ಗೂಟಗಳ ಗುಂಪೂ ಹೀಗೇ. ಹತ್ತಿರ ಹತ್ತಿರದ ಗೂಟಗಳು ಸೇರಿ ಒಂದು ಗುಂಪು. ಅದರಲ್ಲಿ ಒಂದು ಗೂಟ ಯಜಮಾನ. ಉಳಿದವು ತಮ್ಮ ಅಂಕಿಯನ್ನು ಮೆಲುದನಿಯಲ್ಲಿ ಯಜಮಾನನಿಗೆ ಹೇಳಿ ಮಲಗುತ್ತವೆ. ಯಾರು ಯಾವ ಹೊತ್ತಿಗೆ ಏಳಬೇಕು ಅನ್ನುವ ಪಾಳಿ ಪಟ್ಟಿಯನ್ನೂ ಯಜಮಾನನೇ ಕೊಡುತ್ತಾನೆ. ಪಂಪ್‌ಸೆಟ್ಟಿಗೆ ತ್ರೀ-ಫೇಸ್ ಕರೆಂಟಿನ ಪಾಳಿ ಇದ್ದ ಹಾಗೆ. ಯಜಮಾನ ಎಲ್ಲರ ಅಂಕಿ ಕೂಡಿಸಿ ದೂರದ ನೆಲೆಗೆ, ಅಂದರೆ ಪಂಪ್‌ಹೌಸಿನ ಮೇಲಿರುವ ಪೆಟ್ಟಿಗೆಗೆ, ಒಂದೇ ಸಲ ಕಳಿಸುತ್ತಾನೆ.

ಇದರಿಂದ ಎಷ್ಟು ಉಳಿತಾಯ? ರೇಡಿಯೊ ಮಾತಿನ ಖರ್ಚು ದೂರದ ಜೊತೆ ನೇರವಾಗಿ ಏರುವುದಿಲ್ಲ, ಹಾರಿ ಏರುತ್ತದೆ. ಬಯಲಲ್ಲಿ ದೂರ ಎರಡು ಪಟ್ಟಾದರೆ ಖರ್ಚು ನಾಲ್ಕು ಪಟ್ಟು. ಆಂಟೆನಾ ನೆಲಕ್ಕೆ ಹತ್ತಿರವಿದ್ದು ದೂರ ಹೆಚ್ಚಿದ್ದರೆ ಹದಿನಾರು ಪಟ್ಟಿನ ತನಕವೂ ಹೋಗಬಹುದು. ಈ ವಿಷಯದ ಅಧ್ಯಯನಗಳಲ್ಲಿ ಬಳಸುವ ಒಂದು ಸರಳ ಲೆಕ್ಕವಿದೆ. ಅದರಲ್ಲಿ ಬರುವ ನ್ಯಾನೋಜೂಲಿಗೆ ನಮ್ಮ ಅನುಕೂಲಕ್ಕೆ ಪೈಸೆ ಅನ್ನೋಣ. ಒಂದು ಮಾತನ್ನು 30 ಮೀಟರ್ ಕಳಿಸಲು 1 ರೂ. 40 ಪೈಸೆ. ಅದನ್ನೇ 300 ಮೀಟರ್ ಕಳಿಸಲು 90 ರೂ. 50 ಪೈಸೆ. ದೂರ ಹತ್ತು ಪಟ್ಟಾದರೆ ಖರ್ಚು ಅರವತ್ತು ಪಟ್ಟು ಮೀರಿತು!

ಇಪ್ಪತ್ತು ಗೂಟವೂ ನೇರವಾಗಿ 300 ಮೀಟರ್ ಕೂಗಿದರೆ ಒಂದು ಸುತ್ತಿಗೆ ಒಟ್ಟು 1,810 ರೂ. ಗುಂಪು ಮಾಡಿದರೆ ಹೀಗಾಗುತ್ತದೆ. ಹತ್ತೊಂಬತ್ತು ಗೂಟ 30 ಮೀಟರ್ ಪಿಸುಗುಟ್ಟುವುದಕ್ಕೆ 26 ರೂ. 60 ಪೈಸೆ. ಯಜಮಾನ ಕೇಳಿಸಿಕೊಳ್ಳುವುದಕ್ಕೆ 9 ರೂ. 50 ಪೈಸೆ. ಕೂಡಿಸುವುದಕ್ಕೆ 1 ರೂ. ದೂರಕ್ಕೆ ಒಂದು ಸಲ ಕೂಗುವುದಕ್ಕೆ 90 ರೂ. 50 ಪೈಸೆ. ಒಟ್ಟು 127 ರೂ. 60 ಪೈಸೆ. ಅಂದರೆ ಹದಿನಾಲ್ಕರಲ್ಲಿ ಒಂದು ಪಾಲು. ಇದು ಕಾಗದದ ಲೆಕ್ಕ, ಹೊಲದಲ್ಲಿ ಇಷ್ಟೇ ಸಿಗುತ್ತದೆ ಅಂತ ಯಾರೂ ಬರೆದು ಕೊಡುವುದಿಲ್ಲ. ಆದರೂ ದಿಕ್ಕು ಇದೇ.

ಯಜಮಾನನ ಹೊರೆ, ಚೀಟಿಯ ಸರದಿ

ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. 127 ರೂಪಾಯಿಯಲ್ಲಿ ಯಜಮಾನ ಒಬ್ಬನೇ ಕೊಟ್ಟದ್ದು 101 ರೂ. ಉಳಿದ ಗೂಟ ಕೊಟ್ಟದ್ದು ತಲಾ 1 ರೂ. 40 ಪೈಸೆ. ಯಜಮಾನನಿಗೆ ಎಪ್ಪತ್ತೆರಡು ಪಟ್ಟು ಹೊರೆ. ಒಬ್ಬನೇ ಕಾಯಂ ಯಜಮಾನ ಆದರೆ ಅವನ ಬ್ಯಾಟರಿ ಎಲ್ಲರಿಗಿಂತ ಮೊದಲು ಸಾಯುತ್ತದೆ. ಅವನು ಸತ್ತ ದಿನ ಉಳಿದ ಹತ್ತೊಂಬತ್ತರ ಬ್ಯಾಟರಿ ತುಂಬಿದ್ದರೂ ಗುಂಪೇ ಮೂಕ.

ಇದಕ್ಕೆ ದಾರಿ ಹೇಳಿದ್ದು ಅಮೆರಿಕದ ಎಂಐಟಿಯ ಮೂವರು. ವೆಂಡಿ ಹೈಂಜೆಲ್‌ಮನ್, ಅನಂತ ಚಂದ್ರಕಾಸನ್ ಮತ್ತು ಹರಿ ಬಾಲಕೃಷ್ಣನ್. 2000ದ ಜನವರಿಯಲ್ಲಿ ಅವರು ಮಂಡಿಸಿದ ವಿಧಾನದ ಹೆಸರು ಲೀಚ್. ಹೆಸರು ಕೇಳಿ ಜಿಗಣೆ ಅಂದುಕೊಳ್ಳಬೇಡಿ. ಇದು ಹೀರುವ ವಿಧಾನವಲ್ಲ, ಉಳಿಸುವ ವಿಧಾನ.

ಇದರ ಮರ್ಮ ನಮ್ಮ ಹೆಂಗಸರು ಹಾಕುವ ಚೀಟಿಯಲ್ಲೇ ಇದೆ. ಇಪ್ಪತ್ತು ಜನರ ಚೀಟಿಯಲ್ಲಿ ತಿಂಗಳಿಗೊಬ್ಬರ ಹೆಸರು ಎತ್ತುತ್ತಾರೆ. ಒಮ್ಮೆ ಎತ್ತಿದವರ ಹೆಸರು ಡಬ್ಬಿಗೆ ವಾಪಸ್ ಹೋಗುವುದಿಲ್ಲ. ಎಲ್ಲರ ಸರದಿ ಮುಗಿದ ಮೇಲೇ ಹೊಸ ಚೀಟಿ. ಲೀಚ್‌ನಲ್ಲೂ ಪ್ರತಿ ಸುತ್ತಿಗೆ ಗೂಟಗಳು ತಮ್ಮೊಳಗೇ ಚೀಟಿ ಎತ್ತುತ್ತವೆ. ಬಂದವನು ಆ ಸುತ್ತಿನ ಯಜಮಾನ. ಒಮ್ಮೆ ಯಜಮಾನಿಕೆ ಮಾಡಿದವನಿಗೆ ಮಿಕ್ಕವರ ಸರದಿ ಮುಗಿಯುವ ತನಕ ಬಿಡುವು. ಚೀಟಿಯಲ್ಲಿ ಸಿಗುವುದು ದುಡ್ಡು, ಇಲ್ಲಿ ಸಿಗುವುದು ದುಡಿಮೆ. ಅಷ್ಟೇ ವ್ಯತ್ಯಾಸ.

ನೂರು ಗೂಟಗಳ ಲೆಕ್ಕದಲ್ಲಿ ನೂರಕ್ಕೆ ಸುಮಾರು ಐದು ಯಜಮಾನರಿದ್ದರೆ ಸರಿಹೋಗುತ್ತದೆ ಎಂದು ಅವರು ತೋರಿಸಿದರು. ಹಳೆಯ ವಿಧಾನಗಳಿಗೆ ಹೋಲಿಸಿದರೆ ಖರ್ಚು ಎಂಟರಲ್ಲಿ ಒಂದು ಪಾಲಿನ ತನಕ ಇಳಿಯಬಹುದು ಎಂದು ಬರೆದರು. ಅದು ಕಂಪ್ಯೂಟರಿನಲ್ಲಿ ಮಾಡಿ ನೋಡಿದ ಲೆಕ್ಕ.

ಚೀಟಿಯಲ್ಲಿ ಒಂದು ಊನವಿದೆ. ಬ್ಯಾಟರಿ ಇಳಿದ ಬಡಪಾಯಿ ಗೂಟಕ್ಕೂ ಸರದಿ ಬಂದುಬಿಡುತ್ತದೆ. 2004ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಒಸಾಮ ಯೂನಿಸ್, ಸೋನಿಯಾ ಫಹ್ಮಿ ಅದನ್ನು ತಿದ್ದಿದರು. ಹೀಡ್ ಎಂಬ ಅವರ ವಿಧಾನದಲ್ಲಿ ಯಾರ ಬ್ಯಾಟರಿ ಹೆಚ್ಚು ಉಳಿದಿದೆಯೋ ಅವನೇ ಯಜಮಾನ ಆಗುವ ಸಂಭವ ಹೆಚ್ಚು. ಇದ್ದವನು ಹೊರಲಿ ಅನ್ನುವ ನ್ಯಾಯ.

ಪಾವಗಡದ ಶೇಂಗಾ ಹೊಲದಲ್ಲಿ

ಇದೆಲ್ಲ ಅಮೆರಿಕದ ಮಾತಾಯಿತು, ನಮ್ಮ ನೆಲದಲ್ಲಿ ಯಾರಾದರೂ ಮಾಡಿದ್ದಾರಾ? ಮಾಡಿದ್ದಾರೆ. ಅದೂ ಇವತ್ತಿನ ಅಂಗಡಿ ಮಾಲು ಬರುವುದಕ್ಕೆ ಎಷ್ಟೋ ವರ್ಷ ಮೊದಲು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅಂದರೆ ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಪೀಣ್ಯಕ್ಕೆ ಹೋಗುವ ದಾರಿಯಲ್ಲಿ ಯಶವಂತಪುರಕ್ಕೆ ಮೊದಲೇ ಸಿಗುತ್ತದೆ. ಅಲ್ಲಿನ ಎಲೆಕ್ಟ್ರಾನಿಕ್ಸ್ ವಿನ್ಯಾಸ ಕೇಂದ್ರ, ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಇಪಿಎಫ್‌ಎಲ್ ಜೊತೆ ಸೇರಿ 2000ದ ದಶಕದ ನಡುವಿನಲ್ಲಿ ಒಂದು ಯೋಜನೆ ಹಿಡಿಯಿತು. ಹೆಸರು ಕಾಮನ್‌ಸೆನ್ಸ್ ನೆಟ್. ಎಚ್. ಎಸ್. ಜಮದಗ್ನಿ, ಟಿ. ವಿ. ಪ್ರಭಾಕರ್, ಪಿ. ಆರ್. ಶೇಷಗಿರಿ ರಾವ್ ಇಲ್ಲಿಯವರು. ಜಾಕ್ ಪಂಚಾರ್, ಜಾನ್-ಪಿಯರ್ ಹ್ಯುಬೊ ಅಲ್ಲಿಯವರು. ಜಾಗ ತುಮಕೂರು ಜಿಲ್ಲೆ ಪಾವಗಡ ತಾಲೂಕಿನ ಚೆನ್ನಕೇಶವಪುರ.

ಪಾವಗಡ ಅಂದರೆ ಮಳೆಯನ್ನೇ ನಂಬಿದ ಶೇಂಗಾ ಸೀಮೆ. ಮಳೆ ಕಡಿಮೆ, ಅದೂ ಹೇಳಿದ ಹೊತ್ತಿಗೆ ಬಾರದು. ಹೂವಾಡುವಾಗ, ಕಾಯಿ ಕಟ್ಟುವಾಗ ತೇವ ತಪ್ಪಿದರೆ ಕೈಗೆ ಬಳ್ಳಿ ಮಾತ್ರ. ಸುಲೋಚನಾ ಗಾಡ್ಗೀಳ್ ಮತ್ತು ಶೇಷಗಿರಿ ರಾವ್ ಇದೇ ಸೀಮೆಯ ಶೇಂಗಾ ಬಿತ್ತನೆ ಕಾಲದ ಬಗ್ಗೆ, ಮಳೆಯ ಹಳೆಯ ದಾಖಲೆ ಮತ್ತು ಬೆಳೆ ಲೆಕ್ಕದ ಕಂಪ್ಯೂಟರ್ ಮಾದರಿ ಇಟ್ಟುಕೊಂಡು ಮೊದಲೇ ಕೆಲಸ ಮಾಡಿದ್ದರು.

ಕಾಮನ್‌ಸೆನ್ಸ್ ತಂಡ ಮೊದಲು ಮಾಡಿದ್ದು ಗೂಟ ನೆಡುವ ಕೆಲಸವಲ್ಲ. ಹಳ್ಳಿಗಳಿಗೆ ಹೋಗಿ "ನಿಮಗೆ ಯಾವ ಮಾಹಿತಿ ಬೇಕು?" ಅಂತ ಕೇಳಿದರು. ಮುಂದೆ ಬಂದದ್ದು ನೀರಿನ ವಿಷಯ. ಆಮೇಲೆ ತೇವ, ಉಷ್ಣತೆ, ಗಾಳಿಯ ಆರ್ದ್ರತೆ ಅಳೆಯುವ ಗೂಟಗಳು ಹೊಲಕ್ಕೆ ಇಳಿದವು. ಗುಂಪಿನ ಸುದ್ದಿ ಊರಿನ ನೆಲೆಗೆ, ಅಲ್ಲಿಂದ ಬೆಂಗಳೂರಿನ ಕಂಪ್ಯೂಟರಿಗೆ ಹೋಗುವ ವ್ಯವಸ್ಥೆ. ಎರಡು-ಮೂರು ಮೆಟ್ಟಿಲು. ಊರ ಡೈರಿ, ಶೀತಲ ಕೇಂದ್ರ, ಬೆಂಗಳೂರು ಡೈರಿ ಇದ್ದ ಹಾಗೆ.

ಮೊದಲು ಬಳಸಿದ್ದು ಮೇಲೆ ಹೇಳಿದ ಮೈಕಾ-2 ಗೂಟಗಳನ್ನೇ. ಹೊಲದಲ್ಲಿ ಅವುಗಳ ದನಿ ತಲುಪಿದ ದೂರ ಸಾಲಲಿಲ್ಲ. ಆಮೇಲೆ ಹೆಚ್ಚು ದೂರ ತಲುಪುವ ಸ್ವಿಸ್ ತಯಾರಿಕೆಯ ಟೈನಿನೋಡ್ ಗೂಟಗಳಿಗೆ ಬದಲಾದರು. ಈ ಕೆಲಸದ ವಿವರ 2007ರಲ್ಲಿ ಲೇಖನವಾಗಿ ಬಂತು. 2008ರಲ್ಲಿ ಪಂಚಾರ್ ಅವರ ಪಿಎಚ್‌ಡಿ ಪ್ರಬಂಧವೂ ಇದರ ಮೇಲೇ.

ಪಾವಗಡದಿಂದ ನಾವು ಎತ್ತಿಕೊಳ್ಳಬೇಕಾದ್ದು ಎರಡು ಮಾತು. ಒಂದು, ಪೆಟ್ಟಿಗೆ ಮೇಲೆ ಬರೆದ ದೂರ ಬೇರೆ, ಹೊಲದಲ್ಲಿ ಸಿಗುವ ದೂರ ಬೇರೆ. ಎಲೆಯಲ್ಲಿ ನೀರಿದೆ, ನೀರು ರೇಡಿಯೊ ಅಲೆಯನ್ನು ಕುಡಿಯುತ್ತದೆ. ಗೂಟ ನೆಡುವಾಗ ಪೈರು ಮೊಣಕಾಲುದ್ದ ಇರುತ್ತದೆ. ಜೋಳ ತಲೆ ಮೇಲೆ ಬೆಳೆದಾಗ, ದ್ರಾಕ್ಷಿ ಚಪ್ಪರ ಮುಚ್ಚಿದಾಗ ಅದೇ ಗೂಟದ ದನಿ ಉಡುಗುತ್ತದೆ. ಆಗ ಅದು ಮತ್ತೆ ಮತ್ತೆ ಕೂಗುತ್ತದೆ, ಬ್ಯಾಟರಿ ಬೇಗ ಕರಗುತ್ತದೆ. ಎರಡು, ಏನು ಅಳೆಯಬೇಕು ಅಂತ ಬೇಸಾಯಗಾರನನ್ನು ಮೊದಲು ಕೇಳಬೇಕು. ಆ ತಂಡ ಕೇಳಿತು. ಮಾರುವವರು ಎಲ್ಲರೂ ಕೇಳುವುದಿಲ್ಲ.

ಕ್ಯಾನಿಗೆ ಸುರಿಯುವ ಮೊದಲು ಫ್ಯಾಟು ನೋಡಿ

ಗುಂಪಿನಲ್ಲಿ ಒಂದು ಅಪಾಯ ಅಡಗಿದೆ. ಇಂಜಿನಿಯರ್ ಕಣ್ಣಿಗೆ ಅದು ಅಪಾಯದಂತೆ ಕಾಣುವುದಿಲ್ಲ, ನಮಗೆ ಕಾಣುತ್ತದೆ.

ಯಜಮಾನ ಎಲ್ಲರ ಅಂಕಿ "ಕೂಡಿಸಿ" ಕಳಿಸುತ್ತಾನೆ ಅಂದೆವಲ್ಲ, ಹೇಗೆ ಕೂಡಿಸುತ್ತಾನೆ? ಇಪ್ಪತ್ತು ಅಂಕಿಯ ಸರಾಸರಿ ತೆಗೆದು ಒಂದೇ ಅಂಕಿ ಕಳಿಸಿದರೆ ಬ್ಯಾಟರಿಗೆ ಬಹಳ ಉಳಿತಾಯ. ಆದರೆ ಹೊಲದ ಮೇಲ್ತುದಿ ಒಣಗಿದೆ, ಕೆಳತುದಿಯಲ್ಲಿ ನೀರು ನಿಂತಿದೆ. ಸರಾಸರಿ ಏನು ಹೇಳುತ್ತದೆ? "ತೇವ ಸರಿಯಾಗಿದೆ!" ಮೇಲ್ತುದಿಯ ಗಿಡ ಬಾಡುತ್ತದೆ, ಕೆಳತುದಿಯದು ಬೇರು ಕೊಳೆಯುತ್ತದೆ. ಮೊಬೈಲಿನಲ್ಲಿ ಮಾತ್ರ ಹಸಿರು ಬಣ್ಣ.

ಡೈರಿಯಲ್ಲಿ ಏನು ಮಾಡುತ್ತಾರೆ? ಹಾಲನ್ನು ಕ್ಯಾನಿಗೆ ಸುರಿಯುವ ಮೊದಲೇ ಒಬ್ಬೊಬ್ಬರದೂ ಫ್ಯಾಟು ನೋಡುತ್ತಾರೆ. ಬೆರೆಸಿದ ಮೇಲೆ ಯಾರ ಹಾಲು ನೀರಾಗಿತ್ತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಇಲ್ಲೂ ಅದೇ ನಿಯಮ ಬೇಕು.

ದಾರಿ ಕಷ್ಟದ್ದೇನಲ್ಲ. ಒಂದು ತೇವದ ಅಂಕಿಗೆ ಬೇಕಾದ ಜಾಗ ಎರಡೇ ಬೈಟ್. ಇಪ್ಪತ್ತು ಗೂಟದ್ದಾದರೆ ನಲವತ್ತು ಬೈಟ್. ಸರಾಸರಿ ಮಾಡದೆ ಇಪ್ಪತ್ತನ್ನೂ ಒಂದೇ ಪೊಟ್ಟಣ ಕಟ್ಟಿ ಒಂದೇ ಸಲ ಕಳಿಸಬಹುದು. ಸರಾಸರಿಯಷ್ಟು ಅಗ್ಗವಲ್ಲ, ಇಪ್ಪತ್ತು ಸಲ ಬೇರೆ ಬೇರೆ ಕೂಗುವಷ್ಟು ದುಬಾರಿಯೂ ಅಲ್ಲ. ಅದೂ ಬೇಡವೆಂದರೆ ಅತಿ ಒಣಗಿದ ಗೂಟ ಯಾವುದು, ಅತಿ ಹಸಿ ಯಾವುದು, ನಡುವಿನದು ಎಷ್ಟು ಅಂತ ಮೂರು ಅಂಕಿ ಕಳಿಸಲಿ. ಗೇಟ್‌ವಾಲ್ವ್ ತಿರುಗಿಸುವವನಿಗೆ ಅಷ್ಟು ಸಾಕು.

ಗಾಳಿಯ ಉಷ್ಣತೆಗೆ ಸರಾಸರಿ ನಡೆಯುತ್ತದೆ. ಒಂದೆಕರೆಯೊಳಗೆ ಅದು ಅಷ್ಟೇನೂ ಬದಲಾಗದು. ಮಣ್ಣಿನ ತೇವಕ್ಕೆ ನಡೆಯುವುದಿಲ್ಲ. ಯಾವುದನ್ನು ಬೆರೆಸಬಹುದು, ಯಾವುದನ್ನು ಬೆರೆಸಬಾರದು ಅನ್ನುವುದು ಹೊಲ ತಿಳಿದವನು ಹೇಳಬೇಕಾದ ಮಾತು.

ಸತ್ತ ಗೂಟದ ಸುಳ್ಳು

ಬ್ಯಾಟರಿ ಸತ್ತ ಗೂಟ ಬರೀ ಸುಮ್ಮನಿದ್ದರೆ ಅಷ್ಟು ನಷ್ಟವಿಲ್ಲ. ಅದರ ಕೊನೆಯ ಅಂಕಿ ಮೊಬೈಲಿನಲ್ಲಿ ಹಾಗೇ ಕೂತುಬಿಟ್ಟರೆ ಕಷ್ಟ. ಎಂಟು ದಿನದ ಹಿಂದಿನ ತೇವವನ್ನು ಇವತ್ತಿನದು ಅಂದುಕೊಂಡು ನಾವು ಮೋಟರ್ ಹಾಕದೆ ಕೂರುತ್ತೇವೆ. ಬೇಸಿಗೆಯಲ್ಲಿ ಎಂಟು ದಿನ ಸಾಕು ಗುಲಾಬಿ ಮೊಗ್ಗು ಬಾಡುವುದಕ್ಕೆ. ಇಲ್ಲದ ಸೆನ್ಸರಿಗಿಂತ ಸತ್ತ ಸೆನ್ಸರ್ ಹೆಚ್ಚು ಅಪಾಯ. ಸೆನ್ಸರ್ ಇಲ್ಲದವನು ಕಾಲಿನಿಂದ ಮಣ್ಣು ಕೆದಕಿ ನೋಡುತ್ತಾನೆ, ಇದ್ದವನು ನೋಡುವುದು ಬಿಟ್ಟಿರುತ್ತಾನೆ.

ಆದ್ದರಿಂದ ಪ್ರತಿ ಅಂಕಿಯ ಪಕ್ಕ ಅಳೆದ ದಿನ, ಗಂಟೆ ಕಾಣಲೇಬೇಕು. ಪ್ರತಿ ಗೂಟವೂ ತೇವದ ಜೊತೆಗೆ ತನ್ನ ಬ್ಯಾಟರಿ ಎಷ್ಟಿದೆ ಅಂತಲೂ ಹೇಳಬೇಕು.

ಎಲ್ಲ ಕಡೆಯೂ ಗುಂಪು ಬೇಕೆಂದಿಲ್ಲ

ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿರುವುದನ್ನು ನೀವು ನೋಡಿರಬಹುದು. ಸೋಲಾರಿನಿಂದ ನಡೆಯುತ್ತದೆ, ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಲೆಕ್ಕ ಇಡುತ್ತದೆ, ಮೊಬೈಲ್ ಟವರಿನ ಮೂಲಕ ತಾನೇ ನೇರವಾಗಿ ಕೇಂದ್ರಕ್ಕೆ ಕಳಿಸುತ್ತದೆ. ಗುಂಪಿಲ್ಲ, ಯಜಮಾನನಿಲ್ಲ. ಯಾಕೆಂದರೆ ಪಂಚಾಯಿತಿಯಿಂದ ಪಂಚಾಯಿತಿಗೆ ಕಿಲೋಮೀಟರುಗಟ್ಟಲೆ ದೂರ. ಪಕ್ಕದ ಮನೆಯೇ ಇಲ್ಲದ ಒಂಟಿ ಮನೆಯವನು ಡೈರಿ ಕಟ್ಟುವುದು ಯಾರ ಜೊತೆ?

ಒಂದೆಕರೆಯಲ್ಲಿ ಹತ್ತು ಗೂಟ ಇದ್ದರೆ ಲೆಕ್ಕ ಬೇರೆ. ಹತ್ತಕ್ಕೂ ಒಂದೊಂದು ಸಿಮ್ ಹಾಕಿಕೊಟ್ಟರೆ ಹತ್ತು ರೀಚಾರ್ಜ್. ಬ್ಯಾಟರಿ ಹೊರೆಯೂ ಹೆಚ್ಚು. 2ಜಿ ರೇಡಿಯೊ 900 ಮೆಗಾಹರ್ಟ್ಸಿನಲ್ಲಿ ಟವರ್ ದೂರವಿದ್ದಾಗ 2 ವ್ಯಾಟ್ ತನಕ ಜೋರು ಮಾಡುತ್ತದೆ. ಹೊಲದೊಳಗೆ ಮಾತಾಡುವ ಲೋರಾ ಥರದ ಸಣ್ಣ ರೇಡಿಯೊಗೆ 25 ಮಿಲಿವ್ಯಾಟ್ ಆಸುಪಾಸಿನಲ್ಲೇ ಕೆಲಸ ಆಗುತ್ತದೆ. ಅದು ನಿಧಾನವಾಗಿ ಮಾತಾಡುತ್ತದೆ ನಿಜ, ನಮಗೇನೂ ಸಿನಿಮಾ ಕಳಿಸಬೇಕಿಲ್ಲವಲ್ಲ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ತನಕದ ಅಲೆಗೆ ಲೈಸೆನ್ಸೂ ಬೇಡ. ಹತ್ತು ಗೂಟ ಒಂದು ಪೆಟ್ಟಿಗೆಗೆ ಹೇಳಲಿ, ಸಿಮ್ ಆ ಪೆಟ್ಟಿಗೆಗೊಂದೇ ಇರಲಿ.

ಹೊಲದಲ್ಲಿ ಸರದಿಯ ಯಜಮಾನನೇ ಬೇಕೆಂದೂ ಇಲ್ಲ. ಪಂಪ್‌ಹೌಸಿನ ಸೂರಿನ ಮೇಲೆ ದೊಡ್ಡ ಸೋಲಾರ್ ಹಲಗೆ, ದೊಡ್ಡ ಬ್ಯಾಟರಿ ಇಟ್ಟು ಒಬ್ಬನನ್ನೇ ಕಾಯಂ ಯಜಮಾನ ಮಾಡಬಹುದು. ಅನ್ನ ಹೆಚ್ಚು ಕೊಟ್ಟರೆ ದುಡಿಮೆ ಹೆಚ್ಚಾದರೂ ತಾಳುತ್ತಾನೆ. ಸಣ್ಣ ಹಿಡುವಳಿಗೆ ಇದೇ ಸುಲಭ. ಪಂಪ್‌ಹೌಸಿನಿಂದ ದೂರದ, ನಡುವೆ ಮರವೋ ದಿಬ್ಬವೋ ಇರುವ ಮೂಲೆಯ ತಾಕಿಗೆ ಮಾತ್ರ ಸರದಿಯ ಗುಂಪು ಸರಿ.

ಇನ್ನೊಂದು ಮಟ್ಟದ ಗುಂಪೂ ಇದೆ. ಎರಡು-ಮೂರು ಎಕರೆಯವರು ಒಬ್ಬೊಬ್ಬರೇ ಪೆಟ್ಟಿಗೆ, ಸಿಮ್ಮು, ರಿಪೇರಿ ಎಲ್ಲ ಹೊರುವುದು ಭಾರ. ಅಕ್ಕಪಕ್ಕದ ಏಳೆಂಟು ಜನ ಸೇರಿ ಒಂದೇ ಪೆಟ್ಟಿಗೆಯನ್ನು ಎತ್ತರದಲ್ಲಿ, ಊರ ಡೈರಿಯ ಸೂರಿನ ಮೇಲೋ ನೀರಿನ ಟ್ಯಾಂಕಿನ ಮೇಲೋ ಇಟ್ಟುಕೊಂಡರೆ ಖರ್ಚು ಹಂಚಿಹೋಗುತ್ತದೆ. ಗೂಟಗಳಿಗೆ ಗುಂಪು ಕಲಿಸುವ ಮೊದಲು ಗೂಟ ನೆಟ್ಟವರಲ್ಲಿ ಗುಂಪು ಇರಬೇಕು.

ಕೊಳ್ಳುವ ಮೊದಲು ಕೇಳಿ

• ಗೂಟ ಎಷ್ಟು ಹೊತ್ತಿಗೊಮ್ಮೆ ಅಳೆಯುತ್ತದೆ, ಎಷ್ಟು ಹೊತ್ತಿಗೊಮ್ಮೆ ಕಳಿಸುತ್ತದೆ? ಈ ಹೊತ್ತನ್ನು ನಾವೇ ಬದಲಿಸಬಹುದೇ? ಮಣ್ಣಿನ ತೇವಕ್ಕೆ ಅರ್ಧ ಗಂಟೆ, ಒಂದು ಗಂಟೆಗೊಮ್ಮೆ ಸಾಕು. ನಿಮಿಷಕ್ಕೊಮ್ಮೆ ಕಳಿಸಿದರೆ ಬ್ಯಾಟರಿ ದಂಡ.

• ಪ್ರತಿ ಗೂಟಕ್ಕೂ ಸಿಮ್ ಬೇಕೇ, ಪೆಟ್ಟಿಗೆಗೆ ಒಂದೇ ಸಾಕೇ? ರೀಚಾರ್ಜ್ ಯಾರದು?

• ಯಜಮಾನ ಗೂಟ ಅಥವಾ ಪೆಟ್ಟಿಗೆ ಕೆಟ್ಟರೆ ಇನ್ನೊಂದು ತಾನಾಗಿ ಆ ಕೆಲಸ ಹಿಡಿಯುತ್ತದೆಯೇ? ಅಲ್ಲಿಯ ತನಕದ ಅಂಕಿಗಳನ್ನು ಗೂಟ ತನ್ನಲ್ಲೇ ಉಳಿಸಿಟ್ಟುಕೊಳ್ಳುತ್ತದೆಯೇ?

• ಮೊಬೈಲಿನಲ್ಲಿ ಗೂಟಕ್ಕೊಂದರಂತೆ ಅಂಕಿ ಕಾಣುತ್ತದೆಯೇ, ಬರೀ ಸರಾಸರಿಯೇ?

• ಅಳೆದ ಹೊತ್ತು, ಉಳಿದ ಬ್ಯಾಟರಿ ಎರಡೂ ಕಾಣುತ್ತವೆಯೇ?

• ಬ್ಯಾಟರಿ ನಾವೇ ಬದಲಿಸಬಹುದಾದ ಮಾಮೂಲಿ ಸೆಲ್ಲೇ, ಅವರ ಹತ್ತಿರವೇ ತರಬೇಕಾದ್ದೇ?

• ಬೆಳೆ ಪೂರ್ತಿ ಎತ್ತರ ಬಂದಾಗ ದನಿ ತಲುಪುತ್ತದೆಯೇ? ಒಣ ಹೊಲದಲ್ಲಿ ತೋರಿಸಿದರೆ ಒಪ್ಪಬೇಡಿ. ಬೆಳೆದು ನಿಂತ ತೋಟದಲ್ಲಿ, ಮಳೆ ಬಂದ ಮರುದಿನ ತೋರಿಸಲಿ.

• ಕಂಪನಿ ಮುಚ್ಚಿದರೆ ಅಂಕಿ ನೋಡುವುದು ಹೇಗೆ? ಊರಿನಲ್ಲೇ ಕಾಣುವ ದಾರಿ ಇದೆಯೇ?

ಇದನ್ನು ಪರೀಕ್ಷಿಸಲು ದೊಡ್ಡ ಓದು ಬೇಕಿಲ್ಲ. ಒಂದು ಗೂಟ ನೆಟ್ಟ ಕಡೆ ವಾರಕ್ಕೊಮ್ಮೆ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಿ ನೋಡಿ. ಉಂಡೆ ನಿಲ್ಲುತ್ತದೋ ಉದುರುತ್ತದೋ ಬರೆದಿಡಿ. ಪಕ್ಕದಲ್ಲಿ ಮೊಬೈಲಿನ ಅಂಕಿ, ಬ್ಯಾಟರಿಯ ಅಂಕಿ ಬರೆಯಿರಿ. ಒಂದು ಬೆಳೆ ಮುಗಿಯುವ ಹೊತ್ತಿಗೆ ಆ ಗೂಟವನ್ನು ಎಷ್ಟು ನಂಬಬಹುದು ಅಂತ ಮಾರಿದವನಿಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

ಇಂಥ ಉಪಕರಣ ಒಂದು ವರ್ಷವಾದರೂ ಬಳಸಿದ ಬೇಸಾಯಗಾರರು, ಬ್ಯಾಟರಿ ಎಷ್ಟು ದಿನ ಬಂತು, ಎಷ್ಟು ಗೂಟ, ಯಾವ ಬೆಳೆ ಅನ್ನುವ ವಿವರ ಪತ್ರಿಕೆಗೆ ಬರೆದು ಕಳಿಸಿ. ಮಾರುವವರ ಅಂಕಿ ನಮ್ಮಲ್ಲಿ ಬೇಕಾದಷ್ಟಿದೆ. ಬೇಕಾಗಿರುವುದು ಬಳಸಿದವರ ಅಂಕಿ.